ಬಿರಡೆಗಳಿಲ್ಲದೆ ಹೊರಟ ದೋಣಿ

ಪ್ರೀತಿಯ ಆರ್ವಿಡ್,

ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ನಿನ್ನನ್ನು ಆಸ್ಪತ್ರೆಯಿಂದ ಮರೆವಿನ ಕಾಯಿಲೆಯವರ ಆರೈಕೆ ಕೇಂದ್ರಕ್ಕೆ ಕರೆದೊಯ್ಯುತ್ತಾರೆ. ನಮ್ಮ ಮನೆಗಲ್ಲ. ಕಾಗದಗಳಿಗೆ ಸಹಿ ಹಾಕಿದವಳು ನಾನೇ. ಇದನ್ನು ನಿನ್ನೆದುರು ಕೂತು ಹೇಳಬೇಕೆಂದು ಮೂರು ಸಲ ಬಾಯಿ ತೆರೆದೆ. ಮೂರು ಸಲವೂ ನೀನು ನನ್ನನ್ನು ನೋಡಿ, "ಹೇಳಿ, ಏನಾಗ್ಬೇಕಿತ್ತು?" ಎಂದೆ. ಅಷ್ಟು ಮರ್ಯಾದೆಯಿಂದ ಕೇಳಿದ ಮೇಲೆ ನಾನು ಏನೆಂದು ಹೇಳಲಿ? ಅದಕ್ಕೇ ಬರೆಯುತ್ತಿದ್ದೇನೆ. ಈ ಕಾಗದವನ್ನು ನಿನ್ನ ಉಣ್ಣೆ ಕೋಟಿನ ಜೇಬಿನಲ್ಲಿಡುತ್ತೇನೆ. ನೀನು ಓದದಿದ್ದರೂ ಸರಿ, ನಿನಗೆ ಹೇಳದೆ ಮಾಡಿದೆ ಎಂಬುದೊಂದು ನನ್ನ ಮೇಲೆ ಉಳಿಯಬಾರದು.

ಮೂವತ್ತೊಂದು ಶರತ್ಕಾಲ ನೀನು ಆ ದೋಣಿಯ ಎಂಜಿನ್ನನ್ನು ನಿನ್ನ ಕೈಯಿಂದಲೇ ಚಳಿಗಾಲಕ್ಕೆ ಮಲಗಿಸಿದೆ. ಮೆಕ್ಯಾನಿಕ್ ಒಬ್ಬನೂ ಅದನ್ನು ಮುಟ್ಟಲಿಲ್ಲ. ಬಿಸಿಯಿರುವಾಗಲೇ ಹಳೆಯ ಎಣ್ಣೆ ಇಳಿಸುವುದು, ಸಿಲಿಂಡರುಗಳಿಗೆ ಎಣ್ಣೆ ಸಿಂಪಡಿಸುವುದು, ಕೆಳಗಿನ ಮೂರು ಹಿತ್ತಾಳೆ ಬಿರಡೆಗಳನ್ನು ಬಿಚ್ಚಿ ಒಳಗಿನ ನೀರನ್ನೆಲ್ಲ ಹರಿಸುವುದು, ತೂತಿಗೆ ತಂತಿ ತೂರಿಸಿ ತುಕ್ಕು ಕೆದಕುವುದು. "ಸೈಮಾ, ಒಂದು ಲೋಟ ನೀರು ಒಳಗುಳಿದ್ರೂ ಸಾಕು, ಹೆಪ್ಪುಗಟ್ಟಿ ಕಬ್ಬಿಣಾನೇ ಸೀಳಿಬಿಡುತ್ತೆ" ಎನ್ನುತ್ತಿದ್ದೆ. ನಾನು ಕಾಫಿ ತಂದುಕೊಟ್ಟು ಚಳಿಗೆ ಹೆದರಿ ಒಳಗೆ ಓಡುತ್ತಿದ್ದೆ. ನಿಂತು ನೋಡಬೇಕಿತ್ತು.

ಈ ವರ್ಷ ನಿಂತು ನೋಡಿದೆ. ನಿನಗೆ ಅಂಗಿಯ ಗುಂಡಿ ಹಾಕಿಕೊಳ್ಳುವುದು ಮರೆತಿತ್ತು. ಒಲೆ ಹಚ್ಚಿ ಬಿಟ್ಟು ಬರುತ್ತಿದ್ದೆ. ಆದರೂ ಅಕ್ಟೋಬರ್ ಕೊನೆಗೆ ಶೆಡ್ಡಿಗೆ ಹೋಗಿ ಎಂಜಿನ್ನಿನ ಮುಚ್ಚಳ ತೆಗೆದೆ. ನಾನು ಸ್ಟೂಲಿನ ಮೇಲೆ ಕೂತು, ನಿನ್ನ ಹಳೆಯ ನೋಟ್‌ಬುಕ್ ತೆರೆದು ಒಂದೊಂದೇ ಕೆಲಸಕ್ಕೆ ಗುರುತು ಹಾಕುತ್ತ ಹೋದೆ. ನೀನು ಒಂದನ್ನೂ ಬಿಡಲಿಲ್ಲ. ಬಿಚ್ಚಿದ ಬಿರಡೆಗಳನ್ನು ಯಾವಾಗಿನಂತೆ ಕಪ್‌ಕೇಕ್ ತಟ್ಟೆಯ ಗುಳಿಗಳಲ್ಲಿ ಸಾಲಾಗಿ ಇಟ್ಟೆ. ಆ ಸಂಜೆ ನಾನು ಪಕ್ಕದ ಮನೆಯ ಕ್ಲಾರೆನ್ಸ್‌ಗೆ ಫೋನ್ ಮಾಡಿ, "ಡಾಕ್ಟರುಗಳು ಏನಾದ್ರೂ ಹೇಳ್ಲಿ, ನನ್ನ ಗಂಡ ಇನ್ನೂ ಇದ್ದಾನೆ" ಎಂದು ಜಂಬ ಕೊಚ್ಚಿಕೊಂಡೆ.

ಮೂರು ದಿನಗಳ ನಂತರ, ಮಧ್ಯಾಹ್ನ, ಕ್ಲಾರೆನ್ಸ್‌ಗೆ ಒಂದಿಷ್ಟು ಬ್ರೆಡ್ಡು ಕೊಟ್ಟು ಬರಲು ಹೋದೆ. ನೀನು ಮಲಗಿದ್ದೆ. ಅರ್ಧ ಗಂಟೆ ಎಂದುಕೊಂಡವಳು ಅವನ ಮಂಡಿನೋವಿನ ಕಥೆ ಕೇಳುತ್ತ ಒಂದು ಗಂಟೆ ಕೂತೆ. ಹಿಂತಿರುಗಿದಾಗ ಶೆಡ್ಡಿನ ಬಾಗಿಲು ಹಾರು ಹೊಡೆದಿತ್ತು. ಪಿಕಪ್ ಗಾಡಿ ದಡದ ಇಳಿಜಾರಿನಲ್ಲಿ ನಿಂತಿತ್ತು, ಅದರ ಹಿಂದಿನ ಟ್ರೇಲರ್ ನೀರಿನೊಳಗೆ ಖಾಲಿ. ಮನೆಯೊಳಗಿಟ್ಟಿದ್ದ ಬ್ಯಾಟರಿಯೂ ಇರಲಿಲ್ಲ. ಮೇಜಿನ ಮೇಲೆ ಕಪ್‌ಕೇಕ್ ತಟ್ಟೆ ಇತ್ತು. ತಟ್ಟೆಯಲ್ಲಿ ಮೂರು ಬಿರಡೆಗಳೂ ಇದ್ದವು.

ಎಂಜಿನ್ ತಣ್ಣಗಿರಲೆಂದು ಸರೋವರದ ನೀರನ್ನು ತಾನೇ ಒಳಗೆ ಸೆಳೆದುಕೊಳ್ಳುತ್ತದೆ ಎಂದು ನೀನೇ ಹೇಳಿಕೊಟ್ಟಿದ್ದೆ. ಬಿರಡೆ ಇಲ್ಲದಿದ್ದರೆ ಸೆಳೆದ ನೀರೆಲ್ಲ ದೋಣಿಯೊಳಕ್ಕೇ ಸುರಿಯುತ್ತದೆ. ನೀನು ಜೋರಾಗಿ ಓಡಿಸಿದಷ್ಟೂ ಬೇಗ ಮುಳುಗುತ್ತೀ. ನವೆಂಬರಿನ ಸುಪೀರಿಯರ್ ಸರೋವರ, ಆರ್ವಿಡ್. ಆ ನೀರಿಗೆ ಬಿದ್ದವನಿಗೆ ಎಷ್ಟು ನಿಮಿಷ ಎಂದು ಈ ಕೊಲ್ಲಿಯಲ್ಲಿ ಎಲ್ಲರಿಗೂ ಗೊತ್ತು.

ಕ್ಲಾರೆನ್ಸ್‌ನ ತಗಡಿನ ಸಣ್ಣ ದೋಣಿ ಇನ್ನೂ ನೀರಿನಲ್ಲೇ ಇತ್ತು. ನಾನು ಕೂಗಿದ ಕೂಡಲೇ ಅವನು ಚಪ್ಪಲಿ ಕಾಲಿನಲ್ಲೇ ಓಡಿಬಂದ. "ಈ ಹಿಮದಲ್ಲಿ ದೋಣಿ ಇಳಿಸೋನು ಅವನೊಬ್ಬನೇ" ಎಂದು ಬೈಯುತ್ತ ಬೈಯುತ್ತ ಹಗ್ಗ ಬಿಚ್ಚಿದ. ಮರಳುದಿಣ್ಣೆಯ ಆಚೆ ನೀನು ಕಾಣಿಸಿದೆ. ದೋಣಿಯ ಹಿಂಭಾಗ ನೀರಿನ ಮಟ್ಟಕ್ಕೆ ಬಂದಿತ್ತು. ನೀನು ಮೊಣಕಾಲುದ್ದ ನೀರಿನಲ್ಲಿ ನಿಂತು ಎಂಜಿನ್ನಿನ ಮೇಲೆ ಬಗ್ಗಿದ್ದೆ.

ಈಗ ಹೇಳುವುದನ್ನು ಯಾರಿಗೂ ಹೇಳಿಲ್ಲ. ನಿನ್ನನ್ನು ಕಂಡ ಕೂಡಲೇ ನಾನು ಕ್ಲಾರೆನ್ಸ್‌ನ ತೋಳು ಹಿಡಿದು "ನಿಧಾನ" ಎಂದೆ. ಅಲೆಗೆ ಹೆದರಿದೆ ಎಂದು ಅವನು ತಿಳಿದ. ಅಲ್ಲ. ಟೋಪಿ ಹಾಕಿಕೊಂಡು, ಕೈಯಲ್ಲಿ ಸ್ಪ್ಯಾನರ್ ಹಿಡಿದು, ನಿನ್ನ ದೋಣಿಯಲ್ಲಿ ನೀನು ನೀನಾಗಿಯೇ ಇದ್ದೆ. ಇದಕ್ಕಿಂತ ಒಳ್ಳೆಯದು ಇನ್ನು ನಿನಗೆ ಏನೂ ಬರುವುದಿಲ್ಲ, ಹೀಗೇ ಹೋಗಲಿ ಬಿಡು ಎಂದಿತು ನನ್ನ ಮನಸ್ಸು. ಎರಡು ಉಸಿರಿನಷ್ಟು ಹೊತ್ತು. ಆಮೇಲೆ ನೀನು ಜಾರಿ ಸೀಟು ಹಿಡಿದುಕೊಂಡೆ. ನಾನು ಕಿರುಚಿದೆ.

"ಆರ್ವಿಡ್, ಈ ಕಡೆ ಬಾ! ಬೇಗ!"

ನೀನು ತಲೆಯೆತ್ತಿದೆ. "ಯಾರ್ರೀ ನೀವು? ನನ್ನ ದೋಣಿ ಬಿಟ್ಟು ನಾನ್ಯಾಕೆ ಬರ್ಲಿ?"

"ಲೋ, ಮುಳುಗ್ತಿದ್ದೀಯ ಕಣೋ!" ಎಂದ ಕ್ಲಾರೆನ್ಸ್.

"ಮುಳುಗೋದು ನಿನ್ನ ತಗಡಿನ ಡಬ್ಬ ಕಣೋ ಕ್ಲಾರೆನ್ಸ್, ನನ್ನದಲ್ಲ."

ಅವನ ಹೆಸರು ನಿನಗೆ ಬಂತು. ಅಳಲು ಸಮಯವಿರಲಿಲ್ಲ. ಅಂಗಲಾಚಿದರೆ ನೀನು ಬರುವವನಲ್ಲ. ಕ್ಲಾರೆನ್ಸ್‌ನ ಕಿವಿಯಲ್ಲಿ "ಎಂಜಿನ್ ಆರಿಸು" ಎಂದೆ. ನಮ್ಮ ದೋಣಿ ನಿನ್ನದಕ್ಕೆ ತಾಗಿ ನಿಂತಿತು. ಗುರುತಿಲ್ಲದವಳ ಹಾಗೆ ಹೇಳಿದೆ: "ಸಾರ್, ನಮ್ಮ ಎಂಜಿನ್ ನಿಂತುಹೋಯ್ತು. ಇವನಿಗೆ ಏನೂ ಗೊತ್ತಾಗ್ತಿಲ್ಲ. ಸ್ವಲ್ಪ ನೋಡಿಕೊಡ್ತೀರಾ?"

ನಿನ್ನ ಮುಖ ಅರಳಿತು. "ಇವನಿಗೇನ್ ಗೊತ್ತು ಬದನೇಕಾಯಿ! ಸರೀರಿ, ಸ್ವಲ್ಪ ಜರುಗಿ" ಎಂದು ಒಂದು ಕಾಲು ನಮ್ಮ ದೋಣಿಗಿಟ್ಟೆ. ನಾನು ನಿನ್ನ ಬೆಲ್ಟಿಗೆ ಕೈಹಾಕಿ ಎಳೆದುಕೊಂಡೆ. ನಿನ್ನ ದೋಣಿ ಹಿಂಬದಿಯಿಂದ ಇಳಿಯಿತು. ಅದರ ಮುಂದಿನ ಮೂತಿ ಮಾತ್ರ ಮೇಲುಳಿಯಿತು. ನೀನು ಅದನ್ನು ತಿರುಗಿಯೂ ನೋಡಲಿಲ್ಲ, ಕ್ಲಾರೆನ್ಸ್‌ನ ಎಂಜಿನ್ ನೋಡುತ್ತಿದ್ದೆ. ನನ್ನ ಕೋಟು ಹೊದಿಸಿ ತಬ್ಬಿಕೊಂಡಾಗ ನಿನ್ನ ಹಲ್ಲು ಕಟಕಟ ಎನ್ನುತ್ತಿತ್ತು. "ನಿಮ್ಮ ಯಜಮಾನರು ನಿಮ್ಮನ್ನ ಇಂಥ ಚಳೀಲಿ ಯಾಕ್ ಕಳಿಸಿದ್ರು?" ಎಂದು ಕೇಳಿದೆ.

ಆಸ್ಪತ್ರೆಯಲ್ಲಿ ಡಾಕ್ಟರು, ವಯಸ್ಸಿನಲ್ಲಿ ನಮಗೆ ಮಗಳಾಗಬಹುದಾದವಳು, ನನ್ನ ಕೈ ಹಿಡಿದು ಹೇಳಿದಳು: "ಇನ್ನು ಮನೇಲಿ ನೋಡ್ಕೊಳ್ಳೋಕೆ ನಿಮ್ಮೊಬ್ಬರಿಂದ ಆಗಲ್ಲಮ್ಮ." ಒಂದು ವಾರ ಕೊಡಿ ಎಂದೆ. ಮಾರನೆಯ ದಿನ ಕ್ಲಾರೆನ್ಸ್ ದೋಣಿಯನ್ನು ದಡಕ್ಕೆಳೆದು ನೀರು ಸುರಿದು ಶೆಡ್ಡಿಗೆ ತಂದಿಟ್ಟ. "ಎಂಜಿನ್ ಸತ್ತಿದೆ ಸೈಮಾ. ಗುಜರಿಗೆ ಹಾಕು." ನಾನು ಅವನನ್ನು ಮನೆಗೆ ಕಳಿಸಿದೆ. ನನ್ನೊಳಗೊಂದು ಹುಚ್ಚು ಹುಟ್ಟಿತ್ತು: ಇದು ಬದುಕಿದರೆ ನೀನು ಮನೆಗೆ ಬರುತ್ತೀ, ಸಹಿ ಹಾಕಬೇಕಾಗಿಲ್ಲ.

ನಿನ್ನ ನೋಟ್‌ಬುಕ್ಕಿನಲ್ಲಿ ನೀರು ಕುಡಿದ ಎಂಜಿನ್ನಿಗೂ ಒಂದು ಪುಟವಿತ್ತು. ನಾಲ್ಕು ಸ್ಪಾರ್ಕ್ ಪ್ಲಗ್ ಬಿಚ್ಚಿ ಎಂಜಿನ್ ತಿರುಗಿಸಿದೆ. ಬೂದು ನೀರು ಚಿಮ್ಮಿ ಮುಖಕ್ಕೆ ಹೊಡೆಯಿತು. ಇಳಿಸಿದ ಎಣ್ಣೆ ಹಾಲು ಹೆಚ್ಚಾದ ಕಾಫಿಯ ಹಾಗಿತ್ತು. ಹೊಸದು ತುಂಬಿ, ತಿರುಗಿಸಿ, ಮತ್ತೆ ಇಳಿಸಿದೆ. ಮೂರನೆಯ ಸಲಕ್ಕೆ ಬಣ್ಣ ತಿಳಿಯಾಯಿತು. ಬೆರಳ ಗೆಣ್ಣುಗಳೆಲ್ಲ ಸುಲಿದವು. ಸ್ಪ್ಯಾನರನ್ನು ಗೋಡೆಗೆ ಬೀಸಿ ಒಗೆದೆ, ಮತ್ತೆ ಹೋಗಿ ಎತ್ತಿಕೊಂಡೆ. ನೀನು ಮೂವತ್ತೊಂದು ವರ್ಷ ಒಬ್ಬನೇ ಏನು ಮಾಡುತ್ತಿದ್ದೆ ಎಂದು ಆ ತಣ್ಣನೆಯ ಕಬ್ಬಿಣದ ಮೇಲೆ ಎದೆಯೂರಿ ಮಲಗಿದಾಗ ಗೊತ್ತಾಯಿತು.

ನಾಲ್ಕನೆಯ ದಿನ ಪ್ಲಗ್‌ಗಳನ್ನೂ ಮೂರು ಬಿರಡೆಗಳನ್ನೂ ಮತ್ತೆ ಹಾಕಿ, ಎಂಜಿನ್ ತಣ್ಣಗಿರಲೆಂದು ಅಂಗಳದ ನೀರಿನ ಪೈಪು ಜೋಡಿಸಿ ಕೀಲಿ ತಿರುಗಿಸಿದೆ. ಕೆಮ್ಮಿತು, ನಿಂತಿತು, ಬಿಳಿ ಹೊಗೆ ಕಕ್ಕಿತು, ಓಡಿತು. ನಾನು ಶೆಡ್ಡಿನ ನೆಲದ ಮೇಲೆ ಕೂತು ಗಟ್ಟಿಯಾಗಿ ಅತ್ತೆ. ಆ ಸದ್ದನ್ನು ಫೋನಿನಲ್ಲಿ ಹಿಡಿದು ನಿನ್ನ ಹಾಸಿಗೆಯ ಬಳಿ ತಂದೆ. ನೀನು ಕಣ್ಣು ಮುಚ್ಚಿ ಪೂರ್ತಿ ಕೇಳಿದೆ.

"ಒಂದು ಸಿಲಿಂಡರು ಬಿಟ್ಟು ಬಿಟ್ಟು ಹೊಡೀತಿದೆ. ಎರಡನೇದು ಅನ್ಸುತ್ತೆ. ಪ್ಲಗ್ ಬದಲಾಯ್ಸಿ ಆಮೇಲೆ ಮಲಗ್ಸೋಕೆ ಹೇಳಿ ನಿಮ್ಮ ಯಜಮಾನರಿಗೆ."

"ಅವರು ಮನೇಲಿಲ್ಲ."

"ಹಾಗಾದ್ರೆ ನೀವೇ ಮಾಡಿ. ಕಷ್ಟ ಏನಿಲ್ಲ."

ಎಂಜಿನ್ ಬದುಕಿತು, ಆರ್ವಿಡ್. ನೀನು ನನ್ನವನಾಗಿ ಹಿಂತಿರುಗಲಿಲ್ಲ. ಅಂದೇ ಮಧ್ಯಾಹ್ನ ಸಹಿ ಹಾಕಿದೆ. ಮನೆಗೆ ಬಂದು ಎರಡನೆಯ ಪ್ಲಗ್ ಬಿಚ್ಚಿದೆ. ಕಪ್ಪಗೆ ಮಸಿ ಹಿಡಿದಿತ್ತು. ಹೊಸದು ಹಾಕಿ, ಎಣ್ಣೆ ಸಿಂಪಡಿಸಿ, ನೀರನ್ನು ಕೊನೆಯ ಹನಿಯವರೆಗೆ ಇಳಿಸಿ, ಮುಚ್ಚಳ ಹಾಕಿದೆ.

ಹೊಸ ಜಾಗಕ್ಕೆ ದಿನವೂ ಬರುತ್ತೇನೆ. ನೀವು ಯಾರು ಎಂದು ಕೇಳಿದರೆ ಹೆಂಡತಿ ಎಂದು ಹೇಳಿ ನಿನ್ನನ್ನು ಗಾಬರಿಪಡಿಸುವುದಿಲ್ಲ. ಎಂಜಿನ್ ವಿಷಯ ಏನೋ ಕೇಳುವುದಿತ್ತು ಎನ್ನುತ್ತೇನೆ. ದಿನಕ್ಕೊಂದು ಪ್ರಶ್ನೆ ತರುತ್ತೇನೆ. ನೀನು ಹೇಳಿಕೊಡು.

ನಿನ್ನ ಕೈಗಳು ಬೆಚ್ಚಗಿರಲಿ, ಅಲ್ಲಿನವರು ನಿನ್ನನ್ನು ನಯವಾಗಿ ನೋಡಿಕೊಳ್ಳಲಿ.

ನಿನ್ನ
ಸೈಮಾ