ಎಂಟುನೂರೈವತ್ತು ವ್ಯಾಟಿನ ಪೆಟ್ಟಿಗೆ

ಮಸ್ಕಿ
೧೨ ಆಗಸ್ಟ್ ೨೦೨೫, ಮಂಗಳವಾರ

ಪ್ರೀತಿಯ ಅಪ್ಪಾಜಿಗೆ ನಂದಿನಿಯ ಜೈಭೀಮ್.

ನಿಮ್ಮ ಮೊಣಕಾಲು ಈಗ ಹೇಗಿದೆ? ಬುದ್ಧವಿಹಾರದಲ್ಲಿ ದಿನಕ್ಕೆ ಆರು ತಾಸು ನೆಲದ ಮೇಲೆ ಕೂರಬೇಕು ಎಂದು ಕೇಳಿದಾಗಿನಿಂದ ಅವ್ವನಿಗೆ ಅದೇ ಚಿಂತೆ. ಗೋಡೆಗೆ ಒರಗಲು ಬಿಡುತ್ತಾರೋ ಇಲ್ಲವೋ ತಿಳಿಸಿ. ಮಳೆಗಾಲದ ವರ್ಷಾವಾಸದ ಮೂರು ತಿಂಗಳು ಫೋನು ಮುಟ್ಟುವುದಿಲ್ಲ ಎಂದು ನೀವು ಹೇಳಿ ಹೋಗಿದ್ದೀರಿ. ಅಲ್ಲಿನ ಆಫೀಸಿಗಾದರೂ ಫೋನು ಮಾಡೋಣ ಎಂದರೆ ಅವ್ವ ಒಪ್ಪಲಿಲ್ಲ. "ಅವರ ಮನಸ್ಸು ಈಗರೆ ಒಂದ ಕಡೆ ನಿಂತೈತಿ, ಕದಡಬ್ಯಾಡ" ಎಂದಳು. ಅದಕ್ಕೇ ಈ ಕಾಗದ. ಈಗ ಪಕ್ಕದಲ್ಲೇ ಹೆಸರುಕಾಳು ಹಸನು ಮಾಡುತ್ತ ಕುಳಿತು ಒಂದೊಂದು ಸಾಲನ್ನೂ ಓದಿಸಿಕೊಳ್ಳುತ್ತಿದ್ದಾಳೆ. ಎಲ್ಲರೂ ಆರಾಮಿದ್ದೇವೆ ಎಂದು ಮೊದಲು ಬರೆಯಲು ಹೇಳಿದಳು, ಬರೆದಿದ್ದೇನೆ.

ನೀವು ಹೋದ ಮೂರನೇ ವಾರಕ್ಕೆ ನಮ್ಮ ಕಂಪ್ಯೂಟರ್ ಅಂಗಡಿಗೆ ಇದುವರೆಗೆ ಬಾರದಂಥ ದೊಡ್ಡ ಕೆಲಸ ಬಂತು. ಸಿಂಧನೂರಿನ ಭಾರತಿ ಎಂಬ ಹುಡುಗಿ, ರೈಸ್ ಮಿಲ್ಲಿನ ತೂಕದ ಮನೆಯಲ್ಲಿ ಕೆಲಸ ಮಾಡುವ ಮಾಳಿಂಗಪ್ಪನವರ ಮಗಳು, ಕಂಪ್ಯೂಟರ್ ಆಟದಲ್ಲಿ ಬಹಳ ಮುಂದಿದ್ದಾಳೆ. ಐದು ಜನರ ಅವಳ ತಂಡ ದೊಡ್ಡ ಸ್ಪರ್ಧೆಯ ಕೊನೆಯ ಸುತ್ತಿಗೆ ಬಂದಿತ್ತು. ಮೊನ್ನೆ ಭಾನುವಾರ ಸಂಜೆ ನಾಲ್ಕಕ್ಕೆ ಅವರವರ ಮನೆಯಿಂದಲೇ ಆಡಬೇಕಿತ್ತು. ಎರಡು ವರ್ಷ ಟ್ಯೂಷನ್ ಹೇಳಿ ಕೂಡಿಸಿದ್ದನ್ನೆಲ್ಲ ತಂದು, ಭಾನುವಾರದೊಳಗೆ ಜಗ್ಗದಂಥ ಗೇಮಿಂಗ್ ಕಂಪ್ಯೂಟರ್ ಜೋಡಿಸಿಕೊಡಿ ಎಂದಳು. ತಮ್ಮ ಹುಲಿಗೇಶ ಹಿಗ್ಗಿಹೋದ. ಈ ಕೆಲಸ ಪೂರ್ತಿ ತನ್ನದು, ಸಾಮಾನೆಲ್ಲ ತಾನೇ ಆರಿಸುತ್ತೇನೆ ಎಂದ. ಅಂಗಡಿಗೆ ಬಂದವರೆಲ್ಲ ಅವನನ್ನು ದಾಟಿ ನನ್ನನ್ನು ಕೇಳುತ್ತಾರೆ ಎಂಬ ಬೇಸರ ಅವನಿಗೆ ಎಷ್ಟು ದಿನದಿಂದ ಇದೆ ಎಂಬುದು ನಿಮಗೂ ಗೊತ್ತು. ನಾನು ಹೂಂ ಎಂದೆ.

ಅವನು ಆರಿಸಿದ ಗ್ರಾಫಿಕ್ಸ್ ಕಾರ್ಡು, ಪ್ರೊಸೆಸರ್ ಎಲ್ಲ ಒಳ್ಳೆಯವೇ. ಎಡವಿದ್ದು ಎಸ್‌ಎಂಪಿಎಸ್‌ನಲ್ಲಿ, ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಹಾಗೆ ಇಳಿಸಿ ಕೊಡುವ ಪೆಟ್ಟಿಗೆಯಲ್ಲಿ. ಆ ಕಾರ್ಡು ಆಟ ಜೋರಾದಾಗ ಕ್ಷಣಮಾತ್ರಕ್ಕೆ ದುಪ್ಪಟ್ಟು ಕರೆಂಟು ಎಳೆಯುತ್ತದೆ. ಆ ಪೆಟ್ಟು ತಡೆಯಲು ಎಂಟುನೂರೈವತ್ತು ವ್ಯಾಟಿನ ಗಟ್ಟಿ ಪೆಟ್ಟಿಗೆಯೇ ಬೇಕು. ಹುಲಿಗೇಶ ಯಾರೋ ವ್ಯಾಪಾರಿಯ ಹತ್ತಿರ ಮೂರನೇ ಒಂದು ಪಾಲಿನ ದರಕ್ಕೆ ಸಿಕ್ಕಿತೆಂದು ಹೆಸರು ಕೇಳದ ಕಂಪನಿಯದನ್ನು ತಂದ. ಬಣ್ಣದ ದೀಪ ಬೇರೆ ಇತ್ತು. ನಾನು ಕೈಯಲ್ಲಿ ಎತ್ತಿ ನೋಡಿದೆ. ಖಾಲಿ ಡಬ್ಬಿಯ ಹಾಗೆ ಹಗುರ. ಹೇಳಿದೆ. "ಮ್ಯಾಲ ಎಂಟನೂರಾ ಐವತ್ತು ಅಂತ ಬರದೈತಲ್ಲಕ್ಕಾ, ಎಲ್ಲಾದಕ್ಕೂ ನಿನ್ನ ಸಹಿ ಬೇಕೇನು?" ಎಂದ. ನಾನು ಸುಮ್ಮನಾದೆ. ಅಪ್ಪಾಜಿ, ಅಲ್ಲಿ ಸುಮ್ಮನಾಗಬಾರದಿತ್ತು.

ಶುಕ್ರವಾರ ಬೇರೆ ಕೆಲಸಕ್ಕೆಂದು ಲಿಂಗಸುಗೂರಿಗೆ ಹೋಗಿದ್ದೆ. ಮನಸ್ಸು ತಡೆಯದೆ ಮಸ್ತಾನಸಾಬರ ಅಂಗಡಿಗೆ ಹೋಗಿ, ಮೊದಲೇ ಫೋನಿನಲ್ಲಿ ತೆಗೆದಿಟ್ಟುಕೊಂಡಿದ್ದ ಆ ಪೆಟ್ಟಿಗೆಯ ಚೀಟಿಯ ಫೋಟೊ ತೋರಿಸಿದೆ. ರೇಡಿಯೊ ರಿಪೇರಿಯ ಕಾಲದಿಂದ ಕೂತ ಮನುಷ್ಯ, ಕನ್ನಡಕ ಏರಿಸಿ ನೋಡಿದರು. "ಬೇಟಿ, ದೊಡ್ಡ ಅಕ್ಷರದ್ದು ಓದಬ್ಯಾಡ. ಹನ್ನೆರಡ ವೋಲ್ಟಿನ ಮುಂದ ಎಷ್ಟ ಆಂಪ್ಸ್ ಹಾಕ್ಯಾರ, ಅದನ್ನ ಓದು." ಇಪ್ಪತ್ತೆರಡು ಎಂದಿತ್ತು. ಹನ್ನೆರಡನ್ನು ಇಪ್ಪತ್ತೆರಡರಿಂದ ಗುಣಿಸಿದೆ. ಇನ್ನೂರ ಅರವತ್ತನಾಲ್ಕು ವ್ಯಾಟು. ಎಂಟುನೂರೈವತ್ತು ಎಂಬ ಮಾತೇ ಸುಳ್ಳು. "ಇದನ್ನ ಯಾರ ಮನ್ಯಾಗೂ ಹಚ್ಚಬ್ಯಾಡ್ರಿ" ಎಂದು ಅವರು ಕಪಾಟಿನಿಂದ ಬೇರೆಯದನ್ನು ತೆಗೆದುಕೊಟ್ಟರು. ಅದರ ಮೇಲೆ ಎಪ್ಪತ್ತು ಆಂಪ್ಸ್ ಎಂದಿತ್ತು. ಇಟ್ಟಿಗೆಯಷ್ಟು ಭಾರ.

ಅಲ್ಲಿಂದಲೇ ಹುಲಿಗೇಶನಿಗೆ ಫೋನು ಮಾಡಿದೆ. ಎತ್ತಲಿಲ್ಲ. ಭಾರತಿಗೆ ಮಾಡಿದೆ. "ಅಣ್ಣ ಬಂದಾನಕ್ಕಾ, ಜೋಡ್ಸಾಕತ್ತಾನ" ಎಂದಳು. ಸ್ವಿಚ್ಚು ಹಾಕಬೇಡಿ ಎನ್ನುವಷ್ಟರಲ್ಲಿ ಮಾತು ಕಡಿದುಹೋಯಿತು. ಮತ್ತೆ ಹತ್ತಲಿಲ್ಲ. ಸಿಂಧನೂರಿನ ಬಸ್ಸು ಹತ್ತಿದೆ. ಪೆಟ್ಟಿಗೆ ತೊಡೆಯ ಮೇಲೆ. ಮಸ್ಕಿ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಚಹಾಕ್ಕೆ ಇಳಿದು ಹತ್ತು ನಿಮಿಷ ಬರಲಿಲ್ಲ. ಕಿಟಕಿಯಿಂದ ನಮ್ಮ ಅಂಗಡಿಯ ಶಟರ್ ಇಳಿದದ್ದು ಕಾಣುತ್ತಿತ್ತು. ಹದಿನಾಲ್ಕು ಸಲ ಫೋನು ಮಾಡಿದ್ದೆ ಎಂದು ಆಮೇಲೆ ನೋಡಿಕೊಂಡೆ. ನನ್ನ ಮೇಲಿನ ಸಿಟ್ಟಿಗೆ ಹುಲಿಗೇಶ ತನ್ನ ಫೋನನ್ನು ಸೈಲೆಂಟ್ ಇಟ್ಟಿದ್ದ.

ನಾನು ಅವರ ಮನೆಯ ಮೆಟ್ಟಿಲು ಹತ್ತುವಾಗ ಒಳಗೆ ಆಟ ನಡೆದಿತ್ತು. ಗುಂಡಿನ ಸದ್ದು, ಭಾರತಿಯ ನಗು. ಮರುಕ್ಷಣ ಫಟ್ ಎಂದಿತು. ಒಳಗೆ ನುಗ್ಗಿದೆ, ಹೊಗೆ ಎದ್ದಿತ್ತು. ಹುಲಿಗೇಶ ವೈರು ಕೀಳಲು ಹೋಗಿ ಕ್ಯಾಬಿನೆಟ್ಟಿನ ತಗಡಿಗೆ ಕೈ ಇಟ್ಟ, ಇಟ್ಟ ಕೈ ಬಿಡಲಿಲ್ಲ. ಬಾಯಿ ತೆರೆದಿತ್ತು, ದನಿ ಇರಲಿಲ್ಲ. ಭಾರತಿ ಅವನನ್ನು ಎಳೆಯಲು ಕೈ ಚಾಚಿದಳು. "ಮುಟ್ಟಬ್ಯಾಡ!" ಎಂದು ಕಿರುಚಿದೆ. "ಮೇನ್ ಎಲ್ಲೈತಿ?" ಮಾಳಿಂಗಪ್ಪನವರು ಬಾಗಿಲ ಹಿಂದಕ್ಕೆ ಬೆರಳು ತೋರಿಸಿದರು. ಓಡಿಹೋಗಿ ಮೇನ್ ಸ್ವಿಚ್ಚು ಕೆಳಗೆಳೆದೆ. ಆಗ ಬಿದ್ದ. ಎಷ್ಟು ಹೊತ್ತಾಯಿತು ಎಂದು ಡಾಕ್ಟರು ಕೇಳಿದಾಗ ನಾಲ್ಕೈದು ಸೆಕೆಂಡು ಎಂದೆ. ನನಗೆ ಅದು ನಂಬಲಾಗುತ್ತಿಲ್ಲ.

ಆಸ್ಪತ್ರೆಯಲ್ಲಿ ಒಂದು ರಾತ್ರಿ ಇಟ್ಟುಕೊಂಡು ಎದೆಯ ಪರೀಕ್ಷೆ ಮಾಡಿದರು. ಎಲ್ಲ ಸರಿ ಇದೆ. ಬಲಗೈಯ ಅಂಗೈ ಸುಟ್ಟಿದೆ, ಎರಡು ದಿನಕ್ಕೊಮ್ಮೆ ಪಟ್ಟಿ ಬದಲಿಸಬೇಕು. ಎಚ್ಚರಾದ ಮೇಲೆ ಅವನು ಹೇಳಿದ್ದು ಒಂದೇ ಮಾತು: "ನೀ ಹೇಳಿದ್ದೆಕ್ಕಾ." ಗಟ್ಟಿಯಾಗಿ ಹೇಳಲಿಲ್ಲ ಎಂದೆ. ಮಾಳಿಂಗಪ್ಪನವರು ಬಯ್ಯುತ್ತಾರೆ, ಪೊಲೀಸರಿಗೆ ಹೇಳುತ್ತಾರೆ ಎಂದುಕೊಂಡಿದ್ದೆ. ಅವರು ಗಂಜಿ ತಂದರು. "ನನ್ನ ಮಗಳ ಕೈ ಆ ತಗಡಿನ ಮ್ಯಾಲ ಇರ್ತಿತ್ತವ್ವಾ" ಎಂದು ಬಾಗಿಲಲ್ಲೇ ನಿಂತುಬಿಟ್ಟರು.

ಮರುದಿನ ಅವರ ಓಣಿಯ ಎಲೆಕ್ಟ್ರಿಷಿಯನ್ ಅಲ್ಲಾಭಕ್ಷ್ ಬಂದು ಬೋರ್ಡು ಬಿಚ್ಚಿದರು. ಅರ್ಥಿಂಗ್ ವೈರು ಗೋಡೆಯೊಳಗೆ ತುಂಡಾಗಿ ಬಿದ್ದಿತ್ತು. ಅದು ನೆಟ್ಟಗಿದ್ದಿದ್ದರೆ ತಗಡಿಗೆ ಬಂದ ಕರೆಂಟು ನೆಲಕ್ಕೆ ಹೋಗುತ್ತಿತ್ತು. ಹಗುರ ಪೆಟ್ಟಿಗೆ, ಕಡಿದ ವೈರು, ಎರಡೂ ಒಂದೇ ಮನೆಯಲ್ಲಿ ಕೂಡಿದವು. ಅವರು ಹೊಸದಾಗಿ ಅರ್ಥಿಂಗ್ ಹಾಕಿ, ಮೀಟರ್ ಹಿಡಿದು ತೋರಿಸಿದ ಮೇಲೆಯೇ ನಾನು ಮಸ್ತಾನಸಾಬರ ಪೆಟ್ಟಿಗೆ ಕೂರಿಸಿದೆ. ಮದರ್‌ಬೋರ್ಡು ಸುಟ್ಟಿತ್ತು. ನಮ್ಮ ಅಂಗಡಿಯ ಕಂಪ್ಯೂಟರಿನದನ್ನು ಬಿಚ್ಚಿ ಹಾಕಿದೆ. ಕಾರ್ಡು ಉಳಿದಿತ್ತು. ಮೂರು ತಾಸು ಆಟ ಓಡಿಸಿ, ತಗಡು ಮುಟ್ಟಿ ಮುಟ್ಟಿ ನೋಡಿ, ಆಮೇಲೆ ಭಾರತಿಯನ್ನು ಕೂರಿಸಿದೆ. ಭಾನುವಾರ ಅವಳ ತಂಡ ಎರಡನೆಯದಾಗಿ ಬಂತು. ಅವಳು ಅತ್ತಳು. ಸೋತದ್ದಕ್ಕೋ ಏನೋ, ನಾನು ಕೇಳಲಿಲ್ಲ.

ಇದೇ ಥರದ ಇನ್ನೆರಡು ಪೆಟ್ಟಿಗೆ ಹುಲಿಗೇಶ ತಂದಿಟ್ಟಿದ್ದ. ಬಿಚ್ಚಿ, ವೈರು ಕತ್ತರಿಸಿ ಗುಜರಿಗೆ ಹಾಕಿದ್ದೇನೆ, ಮತ್ತೊಬ್ಬರ ಕೈಗೆ ಹೋಗದಿರಲಿ. ಅವನ ಕೈ ಮಾಯುತ್ತಿದೆ, ಊಟ ಸೇರುತ್ತಿದೆ, ನೀವು ಚಿಂತೆ ಮಾಡದೆ ವ್ರತ ಮುಗಿಸಿಕೊಂಡು ಬರಬೇಕು ಎಂದು ಅವ್ವ ಹೇಳುತ್ತಿದ್ದಾಳೆ. ಚಳಿಗೆ ಕಂಬಳಿ ಸಾಲದಿದ್ದರೆ ಬರೆಯಬೇಕಂತೆ. ಭಂತೇಜಿಯವರಿಗೆ ನಮ್ಮೆಲ್ಲರ ವಂದನೆ ತಿಳಿಸಿ.

ನಿಮ್ಮ ಮಗಳು,
ನಂದಿನಿ

ತಾ.ಕ.: ಇದನ್ನು ಪೋಸ್ಟಾಫೀಸಿನಲ್ಲಿ ನಿಂತು ಬರೆಯುತ್ತಿದ್ದೇನೆ, ಅವ್ವನಿಗೆ ಓದಿ ಹೇಳಿಲ್ಲ. ಹುಲಿಗೇಶ ಶುಕ್ರವಾರದಿಂದ ಒಂದು ಸ್ವಿಚ್ಚನ್ನೂ ಮುಟ್ಟಿಲ್ಲ, ಮನೆಯ ಲೈಟಿನದನ್ನೂ. ಸಂಜೆಯಾದರೆ ಯಾರಾದರೂ ಹಾಕುವ ತನಕ ಕತ್ತಲಲ್ಲೇ ಕೂತಿರುತ್ತಾನೆ. ಅಂಗಡಿ ಬಿಟ್ಟುಬಿಡುತ್ತೇನೆ ಎನ್ನುತ್ತಾನೆ. ನನ್ನ ಮಾತು ಅವನಿಗೆ ಹತ್ತುವುದಿಲ್ಲ. ನಿಮ್ಮ ಜೊತೆಯ ಲೈನ್ಮನ್ ಸಿದ್ದರಾಮ ಕಾಕಾ ಕರೆಂಟು ಹೊಡೆದು ಕಂಬದ ಮೇಲೆ ತೀರಿಕೊಂಡಾಗ ನನಗೆ ಹತ್ತು ವರ್ಷ. ಹದಿನೇಳು ದಿನ ನೀವು ಮನೆ ಬಿಟ್ಟು ಹೊರಡಲಿಲ್ಲ, ಹದಿನೆಂಟನೇ ದಿನ ಏಣಿ ಹೊತ್ತು ಹೋದಿರಿ. ಆ ಬೆಳಿಗ್ಗೆ ಮತ್ತೆ ಕಂಬ ಹೇಗೆ ಹತ್ತಿದಿರಿ ಎಂದು ಯಾರಿಗೂ ಹೇಳಿಲ್ಲ. ಅದನ್ನು ಬರೆಯಿರಿ. ನನಗಲ್ಲ, ಅವನಿಗೆ. ಕವರಿನ ಮೇಲೆ ಅವನ ಹೆಸರೇ ಇರಲಿ.