ಪರದೆಯ ಮರೆಯಿಂದ ಎತ್ತಿಕೊಟ್ಟ ಸಾಲು

ಚಾಮರಾಜಪೇಟೆ
೨೦ ಫೆಬ್ರವರಿ ೨೦೦೦

ಗೆಳೆಯ ಬದರೀನಾರಾಯಣನಿಗೆ ಶಂಭುಲಿಂಗಪ್ಪನ ನಮಸ್ಕಾರ.

ಮನೆಯವರೆಲ್ಲ ಕ್ಷೇಮವೆಂದು ನಂಬಿದ್ದೇನೆ. ನೀನು ಬರೆದು ಕಳಿಸಿದ ಪುಸ್ತಿಕೆ ತಲುಪಿ ಎಷ್ಟೋ ದಿನವಾಯಿತು, ತಡಮಾಡಿದ್ದಕ್ಕೆ ಬೇಸರಪಡಬೇಡ. ಶಂಕರಪುರಂಗೆ ನಡೆದೇ ಬರಬಹುದಿತ್ತು. ಆದರೆ ನನ್ನದು ನಾಟಕದಲ್ಲಿ ಮೈಕಿಲ್ಲದೆ ಕೊನೆಯ ಬೆಂಚಿಗೆ ಮುಟ್ಟಿಸಿದ ಗಂಟಲು. ನಿಮ್ಮ ಪಡಸಾಲೆಯಲ್ಲಿ ತೆಗೆದರೆ ಬೀದಿಯೆಲ್ಲ ಕಿವಿಗೊಡುತ್ತದೆ.

'ಯುದ್ಧ ನಾವು ಬಯಸಿದ್ದಲ್ಲ' ಎಂಬ ಹೆಸರು, ಹೊಳೆಯುವ ಕಾಗದ, ಎಲ್ಲವೂ ಸರ್ಕಾರದ ಗತ್ತಿಗೆ ತಕ್ಕಂತಿವೆ. ಕಾರ್ಗಿಲ್‌ನಲ್ಲಿ ನಾವು ಯಾಕೆ ಹೋರಾಡಿದೆವೆಂದು ಮಗುವಿಗೂ ತಿಳಿಯುವಂತೆ ಬರೆದಿದ್ದೀಯ. ನಡುವಿನ ಪುಟದಲ್ಲಿ ನನ್ನ ಮಗ ಉಮಾಪತಿ ಯೂನಿಫಾರಂನಲ್ಲಿ ನಿಂತಿದ್ದಾನೆ. ಕೆಳಗೆ, ಅವನ ತಾಯಿ ಆಡಿದಳೆಂದು, ಈ ಮಾತು: "ಒಬ್ಬನನ್ನು ಕೊಟ್ಟೆ. ಇನ್ನೊಬ್ಬನಿದ್ದಿದ್ದರೆ ಅವನ ಹಣೆಗೂ ತಿಲಕವಿಟ್ಟು ಕಳಿಸುತ್ತಿದ್ದೆ."

ವಿಭೂತಿ ಇಡುವ ಮನೆ ಕಣಯ್ಯ ನಮ್ಮದು. ನೀನು ಟೇಪ್ ರೆಕಾರ್ಡರ್ ಹಿಡಿದು ಬಂದ ದಿನ ಗಿರಿಜಾಂಬಾ ಹೇಳಿದ್ದು ಒಂದೇ: "ಕಾಫಿಗೆ ಸಕ್ಕರೆ ಎಷ್ಟು ಹಾಕ್ಲಿ, ಬದರಣ್ಣ?" ಮಿಕ್ಕಿದ್ದೆಲ್ಲ ನಿನ್ನದು. ನಾಟಕದ ಕಂಪನಿಯಲ್ಲೂ ಹಾಗೆಯೇ. ಕಿರೀಟ ನನ್ನದು, ಗದೆ ನನ್ನದು, ಚಪ್ಪಾಳೆ ಮಾತ್ರ ನೀನು ಬರೆದ ಸಾಲಿಗೆ. ಹೊಟ್ಟೆಕಿಚ್ಚು ಅನ್ನುತ್ತೀಯ? ಅನ್ನು. ಅದೇ.

ಗಣರಾಜ್ಯೋತ್ಸವದ ದಿನ ಬಡಾವಣೆಯವರು ಮಿಲಿಟರಿಯವರನ್ನೂ ಕರೆಸಿ ಅವಳಿಗೆ ಸನ್ಮಾನ ಮಾಡಿದರು. "ಪುಸ್ತಕದಲ್ಲಿರೋದನ್ನೇ ಹೇಳ್ಬಿಡಿ ಅಮ್ಮಾ, ಜನ ಅದಕ್ಕೇ ಕಾಯ್ತಿದಾರೆ," ಎಂದ ಸಮಿತಿಯ ಆಂಜಿನಯ್ಯ. ಗಿರಿಜಾ ಮೈಕಿನ ಮುಂದೆ "ಒಬ್ಬನನ್ನು ಕೊಟ್ಟೆ" ಎಂದಳು. ಅಲ್ಲಿಗೆ ನಿಂತಳು. ಮಾತು ಮರೆತು ನಿಂತವರನ್ನು ಕಂಡರೆ ನನ್ನ ನಾಲಗೆ ಸುಮ್ಮನಿರದು, ರಂಗದ ಮೇಲೆ ಬೆಳೆದ ಚಾಳಿ. ಪಕ್ಕದ ಪರದೆಯ ಮರೆಯಿಂದ "ಇನ್ನೊಬ್ಬನಿದ್ದಿದ್ದರೆ" ಎಂದು ಎತ್ತಿಕೊಟ್ಟೆ. ತಿರುಗಿ ನನ್ನನ್ನು ನೋಡಿದಳು. ಆಮೇಲೆ ಪೂರ್ತಿ ಒಪ್ಪಿಸಿದಳು. ಪೆಂಡಾಲು ಹಾರಿಹೋಗುವಂಥ ಚಪ್ಪಾಳೆ, ಬದರಿ. ಕಿರೀಟ ಹೊತ್ತ ಕಾಲದಲ್ಲೂ ನನಗೆ ಬಿದ್ದಿರಲಿಲ್ಲ.

ಅಂದಿನಿಂದ ಬಂದವರಿಗೆಲ್ಲ ಅದನ್ನೇ ಹೇಳುತ್ತಾಳೆ. ನಿನ್ನೆ ತರಕಾರಿಯ ನಾರಾಯಣಮ್ಮ, "ಅದೇನ್ ಗಟ್ಟಿ ಜೀವ ಅಕ್ಕಾ ನಿಮ್ದು," ಎಂದಳು. ಅವಳಿಗೂ ನಿನ್ನ ಸಾಲು ಸಿಕ್ಕಿತು. ನನಗಾದರೆ ತಟ್ಟೆ ಇಟ್ಟು ಒಳಗೆ ಹೋಗುತ್ತಾಳೆ.

ಎರಡನೆಯ ಮುದ್ರಣಕ್ಕೆ ದೊಡ್ಡ ಫೋಟೊ ಕೇಳಿದ್ದೀಯ. ಕೊಡುತ್ತೇನೆ. ಆದರೆ ಆ ಸಾಲು ತೆಗೆದುಬಿಡು. ನಿನ್ನ ಮಕ್ಕಳು ನೂರ್ಕಾಲ ಬಾಳಲಿ, ಕಣ್ಣೆದುರೇ ಇರಲಿ.

ನಿನ್ನ,
ಶಂಭು

ಮತ್ತೆ: ಸನ್ಮಾನದಿಂದ ನಡೆದು ಬರುವಾಗ ಹೇಳಿದಳು, "ನಾನು ಮರ್ತಿರ್ಲಿಲ್ಲ ರೀ. ಉಮಾಪತಿ ತೀರ್ಕೊಂಡ ದಿನ ಬೆಳಿಗ್ಗೆ ಅವನು ಏನಾದ್ರೂ ತಿಂದಿದ್ನಾ ಅಂತ ಕೇಳೋಣ ಅಂತ ನಿಂತಿದ್ದೆ. ಮಿಲಿಟರಿಯೋರು ಕೂತಿದ್ರಲ್ಲ, ಯಾರಿಗಾದ್ರೂ ಗೊತ್ತಿರುತ್ತೆ ಅಂತ. ಅಷ್ಟರಲ್ಲಿ ನೀವು ಬಾಯಿ ಹಾಕಿದ್ರಿ."