ನಾನು ಒತ್ತಿದ ನಗುಮುಖ

ಚಿನ್ನಿ,

ಡಾಕ್ಟರು ನಿನ್ನ ತೂಕಕ್ಕೂ ಖಿನ್ನತೆಗೂ ಎಂದು ಹಾಕಿಸಿದ ಆ್ಯಪ್‌ಗೆ ತಿಂಗಳಿಗೆ ನನ್ನ ಎರಡು ದಿನದ ಹೊಲಿಗೆ ಕೂಲಿ ಹೋಗುತ್ತದೆ. ದುಬಾರಿ ಎಂದು ಒಮ್ಮೆಯೂ ಅನ್ನಿಸಿಲ್ಲ. ಪ್ರತಿ ಮಂಗಳವಾರ ಕೌನ್ಸೆಲರ್ ಮೇಡಂ ಅದರಲ್ಲಿ ಮಾತಾಡಿದ ಮೇಲೆ ನೀನು ಎದ್ದು ಸ್ನಾನ ಮಾಡಿ, ನನ್ನ ಜೊತೆ ಕೂತು ಊಟ ಮಾಡುತ್ತಿದ್ದೆ.

ಬೈಯಬೇಡ. ದಿನಾ ಬೆಳಿಗ್ಗೆ ಏಳಕ್ಕೆ "ಇಂದು ಮನಸ್ಸು ಹೇಗಿದೆ?" ಎಂದು ಆ ಆ್ಯಪ್ ನಿನ್ನ ಫೋನಿನಲ್ಲಿ ಬಡಿದುಕೊಳ್ಳುತ್ತಿತ್ತು. ನೀನು ರಾತ್ರಿಯೆಲ್ಲ ಹೊರಳಾಡಿ ಆಗಷ್ಟೇ ಕಣ್ಣು ಮುಚ್ಚಿರುತ್ತಿದ್ದೆ. ಎಬ್ಬಿಸಲು ಮನಸ್ಸು ಬಾರದೆ, ನಾನೇ ನಗುವ ಮುಖ ಒತ್ತಿ ಅದರ ಬಾಯಿ ಮುಚ್ಚಿಸುತ್ತಿದ್ದೆ. ಮೂರು ವಾರ ಹೀಗೇ ಮಾಡಿದೆ. ಅದಕ್ಕೇ ನಿನ್ನೆ, "ನೀವು ಚೇತರಿಸಿಕೊಂಡಿದ್ದೀರಿ, ಇನ್ನು ವಾರದ ಕರೆ ಇರುವುದಿಲ್ಲ" ಎಂದು ಅದರಲ್ಲಿ ಮೆಸೇಜು ಬಂತು. "ನೋಡಮ್ಮಾ, ಈ ಗಾತ್ರದವಳನ್ನ ಅವರೂ ಕೈಬಿಟ್ರು" ಅಂತ ನೀನು ಗೋಡೆ ಕಡೆ ತಿರುಗಿದೆ. ನಾನು ನಿಜ ಹೇಳದೆ ನಿನಗೆ ಹೊದಿಕೆ ಹೊದಿಸಿ ಬಂದೆ.

ಇವತ್ತು ಬೆಳಿಗ್ಗೆ ಆ್ಯಪ್‌ನವರ ಆಫೀಸಿಗೆ ಫೋನ್ ಮಾಡಿದೆ. ಎತ್ತಿದ ಹುಡುಗನಿಗೆ, ನಗುಮುಖ ಒತ್ತಿದ್ದು ನಾನು, ಮಗಳಿಗೆ ಕರೆ ಮತ್ತೆ ಶುರು ಮಾಡಿ ಎಂದೆ.

"ನಿಮ್ಮ ಮಗಳೇ ಮಾತಾಡ್ಬೇಕಮ್ಮಾ, ನೀವು ಹೇಳಿದ್ರೆ ಆಗಲ್ಲ."

"ಹಾಸಿಗೆ ಬಿಟ್ಟೇ ಏಳಲ್ಲಪ್ಪಾ, ಮಾತೆಲ್ಲಿಂದ ಆಡ್ತಾಳೆ?"

"ಅರ್ಥ ಆಗತ್ತಮ್ಮಾ" ಎಂದು ಫೋನ್ ಇಟ್ಟುಬಿಟ್ಟ.

ಅವರ ನಂಬರು ಈ ಚೀಟಿಯ ಹಿಂದೆ ಬರೆದಿದ್ದೇನೆ, ನೀನೇ ಮಾಡಬೇಕು. ಅವರು ಸಂಜೆ ಐದಕ್ಕೆ ಬಾಗಿಲು ಹಾಕುತ್ತಾರೆ, ನಾನು ಬರುವುದು ಆರಕ್ಕೆ. ಅನ್ನ ಮುಚ್ಚಿಟ್ಟಿದ್ದೇನೆ, ಹೊಟ್ಟೆ ತುಂಬ ತಿನ್ನು. ತೂಕದ ಯಂತ್ರ ಅಟ್ಟದ ಮೇಲಿದೆ, ಹುಡುಕಬೇಡ.

ಮೇಡಂ ನಿನ್ನನ್ನು ಕೈಬಿಡಲಿಲ್ಲ ಕಣೇ. ನಿನ್ನ ಮಾತು ಕೇಳುತ್ತಿದ್ದವರು ಅವರೊಬ್ಬರೇ. ಅವರನ್ನು ಕಳೆದವಳು ನಾನು.

ಅಮ್ಮ